ಮುಳ್ಳು ಇಳಿದ ದಿನ

ಹಲವು ವರ್ಷಗಳ ಹಿಂದಿನ ಮಾತು. ಕಾಸರಗೋಡಿನ ನಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ ನಾನು ಹತ್ತನೆಯ ತರಗತಿಗೆ ವಿಜ್ಞಾನ ಬೋಧಿಸುತ್ತಿದ್ದೆ. ಅಂದಿನ ಪಾಠ ದುರ್ಬಲ ವಿದ್ಯುದ್ವಿಭಾಜ್ಯಗಳನ್ನು ಕುರಿತದ್ದು. ಉಪ್ಪು ನೀರಿಗೆ ಬಿದ್ದೊಡನೆ ಪೂರ್ತಿಯಾಗಿ ಅಯಾನುಗಳಾಗುವುದು. ಅಸಿಟಿಕ್ ಆಮ್ಲವಾದರೋ ಕೊಂಚವೇ ಬಿಡಿಸಿಕೊಳ್ಳುವುದು, ಉಳಿದ ಅಣುಗಳು ಇಡಿಯಾಗಿಯೇ ಇರುವುವು. ನೀರು ಹೆಚ್ಚಿದಂತೆ ವಿಯೋಜನೆಯೂ ಹೆಚ್ಚುವುದೆಂದು ಬರೆಯಿಸಿ, ಪ್ರಯೋಗಕ್ಕೆ ಕೈಹಾಕಿದೆ.

ಶುದ್ಧ ಆಮ್ಲದಲ್ಲಿ ಎರಡು ಇಂಗಾಲದ ಕಡ್ಡಿಗಳನ್ನು ಇಳಿಸಿ ಬ್ಯಾಟರಿಗೆ ಜೋಡಿಸಿದಾಗ ಮಿಲಿ ಆಮೀಟರಿನ ಮುಳ್ಳು ಅಲುಗಲಿಲ್ಲ. ಆಮ್ಲವನ್ನು ನೀರಿಗೆ ಬೆರೆಸಿದೊಡನೆ ಮುಳ್ಳು ಮೇಲೇರಿತು. ಮಕ್ಕಳಿಗೆ ಹರ್ಷ, ನನಗೂ ಹೆಮ್ಮೆ. ಹುರುಪಿನಿಂದ ಮತ್ತಷ್ಟು ನೀರು ಸೇರಿಸುತ್ತ ಹೋದೆ. ಮುಳ್ಳು ಇಳಿಯತೊಡಗಿತು.

“ಮಾಷ್ಟ್ರೇ, ಅಯಾನು ಹೆಚ್ಚಾಗ್ತದೆ ಹೇಳಿದಿರಲ್ಲ, ಮತ್ತೆ ಮುಳ್ಳು ಯಾಕೆ ಇಳೀತದೆ?” ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ಅವನ ತಂದೆ ರಬ್ಬರ್ ಹಾಲಿಗೆ ಆಮ್ಲ ಹಾಕಿ ಹಾಳೆ ಮಾಡುವವರು. “ತಂತಿ ಸಡಿಲವಾಗಿದೆ, ಕೂತುಕೋ” ಎಂದು ಗದರಿದೆ. ತಂತಿ ಸಡಿಲವಾಗಿರಲಿಲ್ಲ. ಉತ್ತರ ನನಗೇ ತಿಳಿದಿರಲಿಲ್ಲ.

ಆ ರಾತ್ರಿ ಲೆಕ್ಕಕ್ಕೆ ಕುಳಿತೆ. ಆಸ್ಟ್ವಾಲ್ಡನು 1888ರಲ್ಲಿ ಕೊಟ್ಟ ನಿಯಮದಂತೆ, ಲೀಟರಿಗೆ 0.1 ಮೋಲ್ ಇರುವ ಅಸಿಟಿಕ್ ಆಮ್ಲದಲ್ಲಿ ನೂರು ಅಣುಗಳಿಗೆ ಒಂದಕ್ಕಿಂತ ತುಸು ಹೆಚ್ಚು ಮಾತ್ರ ವಿಯೋಜನೆ ಹೊಂದುವುವು. ಅದನ್ನೇ ನೂರು ಪಟ್ಟು ಗಾತ್ರಕ್ಕೆ ಹಿಗ್ಗಿಸಿದರೆ ಹನ್ನೆರಡು, ಹದಿಮೂರು. ಪಾಲು ಹೆಚ್ಚಿದ್ದು ಸುಮಾರು ಹತ್ತು ಪಟ್ಟು, ಜಾಗ ಹೆಚ್ಚಿದ್ದು ನೂರು ಪಟ್ಟು. ಆದುದರಿಂದ ಒಂದು ಹನಿಯೊಳಗಿನ ಅಯಾನುಗಳು ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿದವು. ನಾನು ಬರೆಯಿಸಿದ ವಾಕ್ಯವೂ ಸರಿ, ಮುಳ್ಳೂ ಸರಿ. ತಪ್ಪಿದ್ದು ನನ್ನ ಗದರಿಕೆ.

ಅಯಾನುಗಳ ವಿಚಾರದ ಮೂಲಪುರುಷ ಅರ್ಹೇನಿಯಸನ 1884ರ ಪ್ರಬಂಧಕ್ಕೆ ಉಪ್ಸಾಲಾದ ಪರೀಕ್ಷಕರು ಕೆಳದರ್ಜೆ ಕೊಟ್ಟಿದ್ದರು. 1903ರಲ್ಲಿ ಅವನಿಗೆ ನೊಬೆಲ್ ಬಂತು. ಈ ಕಥೆಯನ್ನು ಹೇಳಿ ಆ ಪರೀಕ್ಷಕರನ್ನು ನಗುತ್ತಿದ್ದವನು ನಾನೇ!

ಮರುದಿನ ತರಗತಿಯೆದುರು ಹುಡುಗನನ್ನು ಕರೆದು, “ನೀನು ಕೇಳಿದ್ದು ಸರಿ, ನಾನು ಗದರಿದ್ದು ತಪ್ಪು” ಎಂದೆ. ಅವನು ಕಾಲಬೆರಳಿನಿಂದ ನೆಲ ಕೆರೆಯುತ್ತ ನಿಂತ. ಬಳಿಕ ಮೆಲ್ಲನೆ, “ಅಪ್ಪ ಹಾಕುವುದು ಫಾರ್ಮಿಕ್ ಆಮ್ಲ, ಅದಕ್ಕೂ ಹೀಗೆಯೋ?” ಎಂದ.

ಮುಂದಿನ ವಾರ ಎರಡನ್ನೂ ಸಮ ಸಾಂದ್ರತೆಯಲ್ಲಿ ಇಟ್ಟು ನೋಡಿದೆವು. ಅವನ ತಂದೆಯ ಆಮ್ಲಕ್ಕೆ ಮುಳ್ಳು ಹೆಚ್ಚು ಏರಿತು. ಓದಿ ಹೇಳಿದವನು ಅವನೇ.