ಚೈತ್ಯಭೂಮಿಯಲ್ಲಿ ಒಂದು ನೋಟ್‌ಬುಕ್, ಒಂದು ಪೆನ್ನು

ಡಿಸೆಂಬರ್ ಮೊದಲ ವಾರ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ತಪ್ಪದೆ ಒಂದು ಸಂದೇಶ ಬರುತ್ತದೆ: ‘6ಕ್ಕೆ ದಾದರ್ ಕಡೆ ಹೋಗಬೇಡಿ, ರಸ್ತೆ ಜಾಮ್.’ ಮುಂಬಯಿಯ ಅನೇಕರಿಗೆ ಡಾ. ಅಂಬೇಡ್ಕರರ ಮಹಾಪರಿನಿರ್ವಾಣ ದಿನ ಎಂದರೆ ಇಷ್ಟೇ. ಆದರೆ ಈ ಊರಿನಲ್ಲಿ ಇರುವವರು ಒಮ್ಮೆಯಾದರೂ ನೋಡಬೇಕಾದದ್ದು ಆ ಜಾಮ್‌ನ ಆಚೆಗಿದೆ.

1956ರ ಡಿಸೆಂಬರ್ 7ರಂದು ಬಾಬಾಸಾಹೇಬರ ಅಂತ್ಯಸಂಸ್ಕಾರ ನಡೆದ ದಾದರ್ ಕಡಲ ದಂಡೆಯೇ ಇಂದಿನ ಚೈತ್ಯಭೂಮಿ. ವಿದರ್ಭ, ಮರಾಠವಾಡಾಗಳಿಂದ, ನಮ್ಮ ಕಲಬುರಗಿ, ಬೀದರ್ ಕಡೆಯಿಂದಲೂ ಜನ ರೊಟ್ಟಿ ಗಂಟು ಕಟ್ಟಿಕೊಂಡು ಬಂದು ಪಕ್ಕದ ಶಿವಾಜಿ ಪಾರ್ಕ್‌ನ ಮಣ್ಣಿನ ಮೇಲೆ ರಾತ್ರಿ ಕಳೆಯುತ್ತಾರೆ. ಮೈದಾನದ ತುಂಬ ಪುಸ್ತಕದ ಅಂಗಡಿಗಳು. ಸಂವಿಧಾನದ ಪ್ರತಿ, ಜೀವನಚರಿತ್ರೆ, ತೆಳುವಾದ ಭಾಷಣದ ಪುಸ್ತಿಕೆಗಳು. ಹರಿದ ಚಪ್ಪಲಿಯವರು ನೋಟು ಎಣಿಸಿ ಪುಸ್ತಕ ಕೊಳ್ಳುತ್ತಾರೆ.

ಅಲ್ಲೊಬ್ಬ ಅಜ್ಜಿ ಕನ್ನಡದಲ್ಲಿ ಮಾತಾಡುತ್ತಿದ್ದುದು ಕೇಳಿ ಹತ್ತಿರ ಹೋದೆ. ಕೈಯಲ್ಲಿ ಹೊಸ ಪುಸ್ತಕವಿತ್ತು. “ನನಗ ಓದಾಕ ಬರಂಗಿಲ್ರಿ, ಮೊಮ್ಮಗಳು ಓದಿ ಹೇಳ್ತಾಳ” ಎಂದರು. ಚೀಲದಲ್ಲಿ ಒಂದು ನೋಟ್‌ಬುಕ್ ಮತ್ತು ಪೆನ್ನೂ ಇದ್ದವು. ಅದು ಯಾರಿಗೆ ಅವ್ವಾ ಎಂದೆ. “ಯಾವ ಕೂಸಿಗರ ಆಗ್ಲಿ. ಬಾಬಾಸಾಹೇಬರಿಗೆ ಹೂವು ಯಾಕ ಬೇಕ್ರಿ?”

ಹೂವು, ಮೇಣದಬತ್ತಿಯ ಬದಲು ‘ಏಕ್ ವಹಿ, ಏಕ್ ಪೆನ್’, ಅಂದರೆ ಒಂದು ನೋಟ್‌ಬುಕ್, ಒಂದು ಪೆನ್ನು ಅರ್ಪಿಸಿ ಎಂಬ ಅಭಿಯಾನ ಕೆಲವು ವರ್ಷಗಳಿಂದ ನಡೆದಿದೆ. ಹೀಗೆ ಸೇರಿದ್ದನ್ನು ಕಾರ್ಯಕರ್ತರು ಬಡ ಮಕ್ಕಳಿಗೆ ಮುಟ್ಟಿಸುತ್ತಾರೆ. ಕೊಡುವವರೂ ಹೆಚ್ಚಾಗಿ ಬಡವರೇ.

ಮುಂಬಯಿಗೆ ಉಚಿತ ನೋಟ್‌ಬುಕ್ ಹೊಸದಲ್ಲ. ಜೂನ್ ಬಂತೆಂದರೆ ಚಾಳು, ಝೋಪಡಪಟ್ಟಿಗಳ ಬಾಯಲ್ಲಿ ‘ಮೋಫತ್ ವಹ್ಯಾ ವಾಟಪ್’ ಬ್ಯಾನರ್ ತೂಗುತ್ತವೆ. ರಕ್ಷಾಪುಟದಲ್ಲಿ ಕೈಮುಗಿದ ನಾಯಕರ ಫೋಟೋ. ಶಾಲೆ ಶುರುವಾಗುವ ತಿಂಗಳಲ್ಲಿ ಆ ಅರ್ಧ ಡಜನ್ ನೋಟ್‌ಬುಕ್ಕೂ ಒಂದು ಮನೆಗೆ ದೊಡ್ಡ ಆಸರೆ, ಅದನ್ನು ಹಗುರ ಮಾಡಲಾರೆ. ಆದರೆ ಅದನ್ನು ಪಡೆಯುವ ಮಗು ವರ್ಷವಿಡೀ ಇನ್ನೊಬ್ಬರ ಮುಖ ಹೊತ್ತುಕೊಂಡು ಶಾಲೆಗೆ ಹೋಗಬೇಕು. ಅಜ್ಜಿಯ ನೋಟ್‌ಬುಕ್ಕಿನ ಮೇಲೆ ಯಾರ ಮುಖವೂ ಇರಲಿಲ್ಲ.

ಹೀಗೆ ಕೊಟ್ಟ ಪುಸ್ತಕ ಏನು ಮಾಡಬಲ್ಲದು? ಉತ್ತರ ಅಲ್ಲಿಂದ ದೂರವಿಲ್ಲ. ಪರೇಲ್ ಸುತ್ತಿನ ಗಿರಣಿ ಕಾರ್ಮಿಕರ ಚಾಳುಗಳಲ್ಲಿ ಭೀಮರಾವ್ ಬೆಳೆದರು. ಮಗ ಕೇಳಿದ ಪುಸ್ತಕಕ್ಕಾಗಿ ತಂದೆ ರಾಮ್‌ಜಿ ಮದುವೆಯಾದ ಹೆಣ್ಣುಮಕ್ಕಳ ಬಳಿ ಹೋಗಿ ಸಾಲ ಕೇಳುತ್ತಿದ್ದರು, ಒಡವೆ ತಂದು ಅಡವಿಡುತ್ತಿದ್ದರು. ಹುಡುಗ ಇಂಗ್ಲಿಷ್ ನಾಲ್ಕನೇ ತರಗತಿ ಪಾಸಾದಾಗ ಸಮುದಾಯದವರು ಸನ್ಮಾನ ಮಾಡಲು ಹೊರಟರು. ಮಗನ ತಲೆ ತಿರುಗೀತೆಂದು ತಂದೆ ಒಪ್ಪಲಿಲ್ಲ. ಅವರನ್ನು ಒಪ್ಪಿಸಿದವರು ಲೇಖಕ, ಶಿಕ್ಷಕ ಕೃಷ್ಣಾಜಿ ಅರ್ಜುನ್ ಕೇಳುಸ್ಕರ್. ಆ ಸಭೆಯಲ್ಲಿ ಅವರು ತಾವೇ ಬರೆದ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗಿಟ್ಟರು. ಬುದ್ಧನೆಡೆಗೆ ತಾನು ತಿರುಗಿದ್ದು ಆ ಪುಸ್ತಕದಿಂದ ಎಂದು ಅಂಬೇಡ್ಕರರೇ ಕೊನೆಗಾಲದಲ್ಲಿ ಬರೆದುಕೊಂಡಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಅವರು ಬೌದ್ಧ ಧರ್ಮ ಸ್ವೀಕರಿಸಿದರು.

ಆ ಹುಡುಗನೇ ಮುಂದೆ ಪುಸ್ತಕಗಳಿಗಾಗಿಯೇ ಎಂಬಂತೆ ಕಟ್ಟಿಸಿದ ಮನೆ ‘ರಾಜಗೃಹ’ ದಾದರ್ ಪೂರ್ವದ ಹಿಂದೂ ಕಾಲೋನಿಯಲ್ಲಿದೆ. ಮಾಟುಂಗಾದ ನಮ್ಮ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಹೋಗುವ ಕನ್ನಡಿಗರಿಗೆ ಅದು ನಡೆದು ಹೋಗುವ ದೂರ.

ಈ ಸಲ ಡಿಸೆಂಬರ್ 6ಕ್ಕೆ ಹೋಗುವುದಾದರೆ ಕಾರು ಬಿಟ್ಟು ಲೋಕಲ್ ಹಿಡಿಯಿರಿ. ದಾದರ್ ಪಶ್ಚಿಮಕ್ಕೆ ಇಳಿದರೆ ಎದುರಿಗೇ ಹೂವಿನ ಮಾರುಕಟ್ಟೆ. ಅದನ್ನು ದಾಟಿ ಮುಂದೆ ಹೋಗಿ ಒಂದು ಉದ್ದ ನೋಟ್‌ಬುಕ್ ಕೊಳ್ಳಿ. ಹೆಸರಿನ ಜಾಗ ಖಾಲಿ ಬಿಡಿ. ಅದನ್ನು ತುಂಬುವವರು ಬೇರೆ ಇದ್ದಾರೆ.