ಚೀಟಿಯ ಡಬ್ಬಿ ಕಲಿಸಿದ ಲೆಕ್ಕ

ಕಾಸರಗೋಡಿನ ಈ ನೆಲದಲ್ಲಿ ಕನ್ನಡದಲ್ಲಿಯೇ ಲೆಕ್ಕ ಕಲಿತ ನಾನು ಮುಂದೆ ಕಂಪ್ಯೂಟರಿಗೆ ಲೆಕ್ಕ ಹೇಳಿಕೊಡುವ ಉದ್ಯೋಗಕ್ಕೆ ಸೇರಿದೆ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ನನ್ನದೊಂದು ತಪ್ಪನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇನೆ.

ಭಾಷಣ ಸ್ಪರ್ಧೆಯ ದಿನ ನಮ್ಮ ಗಣಿತದ ಮಾಸ್ತರರು ಹೆಸರಿನ ಚೀಟಿಗಳನ್ನು ಡಬ್ಬಿಗೆ ಹಾಕಿ, ಕುಲುಕಿ, ಒಂದೊಂದಾಗಿ ಎತ್ತಿಸಿ ಸರದಿ ನಿರ್ಣಯಿಸುತ್ತಿದ್ದರು. ಒಮ್ಮೆ ಮೊದಲ ಚೀಟಿಯಲ್ಲೇ ನನ್ನ ಹೆಸರು ಬಂದಾಗ ಅಂಜಿ, ಅದನ್ನು ಪುನಃ ಡಬ್ಬಿಗೆ ಹಾಕಹೊರಟೆ. "ಬೇಡ ಮಾರಾಯ, ಎತ್ತಿದ ಚೀಟಿ ಹೊರಗೇ ಇರಲಿ. ಸ್ಥಾನ ಸಿಕ್ಕಿದ ಹೆಸರನ್ನು ಪುನಃ ಕದಲಿಸಿದರೆ ಸಮಪಾಲು ಕೆಡುತ್ತದೆ" ಎಂದು ಅವರು ಕೈ ಹಿಡಿದರು.

ಹಲವು ವರ್ಷಗಳ ಬಳಿಕ, ನಾನಿದ್ದ ಕಚೇರಿಯಲ್ಲಿ ನೌಕರರಿಗೆ ವಸತಿಗೃಹ ಹಂಚುವ ಸರದಿಯನ್ನು ಕಂಪ್ಯೂಟರಿನಿಂದ ಸಿದ್ಧಪಡಿಸುವ ಹೊಣೆ ನನ್ನದಾಯಿತು. ಒಂದು ಆರಂಭಸಂಖ್ಯೆಯಿಂದ ಸೂತ್ರದ ಮೂಲಕ ಕಂಪ್ಯೂಟರು ಲೆಕ್ಕ ಹಾಕಿ ಕೊಡುವ, ಕಣ್ಣಿಗೆ ಯಾವ ಕ್ರಮವೂ ತೋರದ ಸಂಖ್ಯೆಗಳನ್ನು ಹುಸಿ ಯಾದೃಚ್ಛಿಕ ಸಂಖ್ಯೆಗಳೆನ್ನುತ್ತೇವೆ. ಅವುಗಳ ಆಧಾರದಿಂದ, ಪಟ್ಟಿಯ ಪ್ರತಿಯೊಂದು ಹೆಸರನ್ನೂ ಇಡೀ ಪಟ್ಟಿಯ ಯಾವುದಾದರೊಂದು ಸ್ಥಾನದ ಹೆಸರಿನೊಡನೆ ಅದಲುಬದಲು ಮಾಡುವ ಪ್ರೋಗ್ರಾಮನ್ನು ಬರೆದೆ. "ಯಂತ್ರಕ್ಕೆ ಪಕ್ಷಪಾತವಿಲ್ಲ" ಎಂದು ಎಲ್ಲರೆದುರು ಹೆಮ್ಮೆಯಿಂದ ಹೇಳಿದೆ. ಪಟ್ಟಿ ಪ್ರಕಟವಾಯಿತು.

ಬಳಿಕ ಒಂದು ಸಂಜೆ, ಕೇವಲ ಮೂರು ಹೆಸರುಗಳನ್ನಿಟ್ಟು 27,000 ಬಾರಿ ಪರೀಕ್ಷಿಸಿದೆ. ಮೂರು ಹೆಸರುಗಳನ್ನು 6 ವಿಧವಾಗಿ ಜೋಡಿಸಬಹುದು. ಪ್ರತಿಯೊಂದೂ ಸುಮಾರು 4,500 ಬಾರಿ ಬರಬೇಕಿತ್ತು. ಆದರೆ ಮೂರು ಜೋಡಣೆಗಳು 5,000ದ ಸನಿಹಕ್ಕೂ ಉಳಿದ ಮೂರು 4,000ದ ಸನಿಹಕ್ಕೂ ಬಂದು ನಿಂತವು. ಕಾರಣ ಸರಳವಾಗಿತ್ತು. ಮೂರು ಸಲವೂ ಮೂರು ಆಯ್ಕೆಗಳಿದ್ದರೆ ಒಟ್ಟು 27 ದಾರಿಗಳು. 27ನ್ನು 6ರಿಂದ ನಿಶ್ಶೇಷವಾಗಿ ಭಾಗಿಸಲಾಗದು! ದೋಷವಿದ್ದುದು ಸಂಖ್ಯೆಗಳಲ್ಲಲ್ಲ, ಅವನ್ನು ಬಳಸಿದ ನನ್ನ ರೀತಿಯಲ್ಲಿ.

ಸ್ಥಾನ ಪಡೆದ ಹೆಸರನ್ನು ಬದಿಗಿರಿಸಿ, ಉಳಿದವುಗಳಿಂದಲೇ ಆರಿಸುತ್ತಾ ಹೋದರೆ ಆಯ್ಕೆಗಳು 3, 2, 1. ಅವುಗಳ ಗುಣಲಬ್ಧ 6. ಫಿಶರ್ ಮತ್ತು ಯೇಟ್ಸ್ 1938ರಲ್ಲಿ ಪ್ರಕಟಿಸಿದ, ಡರ್ಸ್ಟನ್‌ಫೆಲ್ಡ್ 1964ರಲ್ಲಿ ಕಂಪ್ಯೂಟರಿಗೆ ಒಗ್ಗಿಸಿದ ವಿಧಾನವಿದು. ನಮ್ಮ ಮಾಸ್ತರರ ಡಬ್ಬಿಯ ವಿಧಾನವೂ ಇದೇ.

ಮರುದಿನ ಮೇಲಧಿಕಾರಿಗಳಲ್ಲಿ ತಪ್ಪೊಪ್ಪಿಕೊಂಡೆ. ಹೊಸದಾಗಿ ಸರದಿ ತೆಗೆಯಲಾಯಿತು. ಮೊದಲ ಪಟ್ಟಿಯಲ್ಲಿ ದೊರೆತ ಮನೆಯನ್ನು ಎರಡನೆಯದರಲ್ಲಿ ಕಳೆದುಕೊಂಡ ಹಿರಿಯರೊಬ್ಬರು ನಿವೃತ್ತರಾಗುವ ತನಕ ನನ್ನೊಡನೆ ಮಾತನಾಡಲಿಲ್ಲ. ಅವರ ನೋವಿಗೆ ನಾನೇ ಕಾರಣ. ಆದರೂ ಮೌನವಾಗಿದ್ದುಬಿಡುವುದು ನನ್ನಿಂದಾಗಲಿಲ್ಲ.

ಮಾಸ್ತರರು ಇಂದು ನಮ್ಮೊಂದಿಗಿಲ್ಲ. ಅಂದು ಅವರು ನನ್ನ ಕೈ ಹಿಡಿದುದರ ಅರ್ಥ ಇಷ್ಟು ತಡವಾಗಿ ತಿಳಿಯಿತೆಂದು ಅವರಿಗೆ ಹೇಳಲಾಗಲಿಲ್ಲ. ಆ ಮಾತನ್ನು ಈ ಸಂಚಿಕೆಯ ಮೂಲಕ ಶಾಲೆಗೆ ಅರ್ಪಿಸುತ್ತಿದ್ದೇನೆ.