ಸೊಂಟ ನೋವು ಎಂಬ ಎರಡು ಪದ

ನಮ್ಮ ಕಡೆ ಈ ತೊಂದರೆಗೆ ಹೆಸರು ಅಂತ ಒಂದಿಲ್ಲ. ಗರ್ಭಕೋಶ ಜಾರಿದರೆ ‘ಕೆಳಗೆ ಬಂದದೆ’ ಅನ್ನುತ್ತಾರೆ, ಅದೂ ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡು. ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ ಒಳಲಂಗ ಒದ್ದೆಯಾಗುವುದಕ್ಕೆ ಅಷ್ಟು ಮಾತೂ ಇಲ್ಲ. ಆಸ್ಪತ್ರೆಗೆ ಹೋದರೆ ‘ಸೊಂಟ ನೋವು’ ಅನ್ನುತ್ತಾರೆ. ಡಾಕ್ಟರು ಸೊಂಟಕ್ಕೆ ಮುಲಾಮು ಬರೆದುಕೊಡುತ್ತಾರೆ. ಮುಲಾಮು ಖಾಲಿಯಾಗುತ್ತದೆ, ಒದ್ದೆಯಾಗುವುದು ನಿಲ್ಲುವುದಿಲ್ಲ.

ನಾನು ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದು ಹದಿನಾರು ವರ್ಷವಾಯಿತು. ಇಲ್ಲಿಯ ಹೈಸ್ಕೂಲೊಂದರಲ್ಲಿ ಪಾಠ ಮಾಡುತ್ತೇನೆ. ಎರಡನೆಯ ಹೆರಿಗೆಯಾದ ಮೇಲೆ ನನಗೂ ಇದು ಶುರುವಾಯಿತು. ಸೀಮೆಸುಣ್ಣದ ಧೂಳಿಗೆ ಸೀನು ಬಂದರೆ ಮೇಜಿನ ಅಂಚು ಹಿಡಿದು ಕಾಲು ಹೆಣೆದು ನಿಲ್ಲುತ್ತಿದ್ದೆ. ಬೆಳಿಗ್ಗೆ ಕಾಫಿ ಬಿಟ್ಟರೆ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಬಳ್ಳಾರಿ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗುತ್ತಲೇ ಇರಲಿಲ್ಲ. ರಾಂಪುರ ಬರುವ ಹೊತ್ತಿಗೆ ಎಷ್ಟು ಹಂಪು ಎಗರುತ್ತವೆ ಅನ್ನುವುದು ನನಗೆ ಬಾಯಿಪಾಠವಾಗಿತ್ತು. ಇದನ್ನೆಲ್ಲ ಬರೆಯುವುದಕ್ಕೆ ನಾಚಿಕೆ ಇಲ್ಲವೇ ಎಂದು ಕೇಳುವವರಿಗೆ ಹೇಳುವುದಿಷ್ಟೆ: ಸ್ಟಾಫ್ ರೂಮಿನಲ್ಲಿ ನಾವು ಆರು ಜನ ಹೆಂಗಸರು. ಒಂದು ದಿನ ಮಾತು ಹೊರಟಾಗ ನಾಲ್ವರು ನನ್ನ ಹಾಗೇ ನೀರು ಬಿಟ್ಟವರಿದ್ದರು.

ನೀರು ಬಿಡುವುದು ಇದಕ್ಕೆ ಮದ್ದಲ್ಲ. ಮೂತ್ರ ದಪ್ಪವಾದಷ್ಟೂ ಚೀಲ ಕೆರಳುತ್ತದೆ, ಅವಸರ ಹೆಚ್ಚುತ್ತದೆ, ಉರಿಮೂತ್ರ ಬರುತ್ತದೆ. ಬಾಣಂತಿಗೆ ನೀರು ಕೊಡಬಾರದು ಎಂಬ ನಮ್ಮ ಕಡೆಯ ಕಟ್ಟಳೆಯನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನೀರಿಲ್ಲದೆ ಮಲ ಗಟ್ಟಿಯಾಗುತ್ತದೆ. ಹೆರಿಗೆಯಲ್ಲಿ ಹಿಗ್ಗಿ ಸೋತ ಸ್ನಾಯುವಿನ ಮೇಲೆ ಬಾಣಂತಿ ದಿನಾ ಮುಕ್ಕಬೇಕಾಗುತ್ತದೆ. ಹೊಟ್ಟೆಗೆ ಬಿಗಿಯಾಗಿ ಸೀರೆ ಸುತ್ತಿದರೆ ಒಳಗಿನ ಒತ್ತಡವೂ ಕೆಳಕ್ಕೇ. ಎಣ್ಣೆನೀರು, ಬೆಳ್ಳುಳ್ಳಿ, ನಲವತ್ತು ದಿನದ ವಿಶ್ರಾಂತಿ ಇವೆಲ್ಲ ಇರಲಿ, ನನ್ನ ತಕರಾರಿಲ್ಲ. ಲೋಟ ನೀರಿಗೆ ಯಾಕೆ ಲೆಕ್ಕ?

ಅತ್ತೆಯ ಮಾತು ಬೇರೆ ಥರ ಇತ್ತು. ‘ಹೆತ್ತೋಳಿಗೆ ಇದೆಲ್ಲ ಇದ್ದದ್ದೇ ಕಣಮ್ಮ. ನೀವು ಕುರ್ಚಿ ಮೇಲೆ ಕೂತು ಮೈ ಮೆತ್ತಗೆ ಮಾಡ್ಕೊಂಡಿದೀರ. ನಾವು ನೆಲದ ಮೇಲೆ ಕೂತು ದುಡಿದೋರು, ನಮಗೇನಾತು?’ ಅನ್ನುತ್ತಿದ್ದರು. ಅತ್ತೆ ನಲವತ್ತು ವರ್ಷ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತಿದವರು. ಮೊಳಕಾಲ್ಮೂರು ಸೀರೆ ಅಂದರೆ ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಕೂತ ಗಂಡಸಿನ ಫೋಟೋ ಹಾಕುತ್ತಾರೆ. 2011ರಲ್ಲಿ ಈ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗಲೂ ಹಾಗೇ. ಆ ಫೋಟೋದ ಅಂಚಿನಾಚೆ ಮನೆಯ ಹೆಂಗಸು ರೇಷ್ಮೆ ಬಿಡಿಸುತ್ತಾ, ಕಂಡಿಕೆ ಸುತ್ತುತ್ತಾ, ನಡುವೆ ಎದ್ದು ತುಂಬಿದ ಕೊಡ ಎತ್ತುತ್ತಾ ಇರುತ್ತಾಳೆ.

ಬಳ್ಳಾರಿಯಲ್ಲಿ ಇದಕ್ಕೆ ಫಿಸಿಯೋಥೆರಪಿ ಕೊಡುವವರು ಇದ್ದಾರೆಂದು ಹೇಳಿದ್ದು ನನ್ನ ಸಹೋದ್ಯೋಗಿ. ಫಿಸಿಯೋ ಅಂದರೆ ಮುರಿದ ಮೂಳೆಗೆ, ಲಕ್ವ ಹೊಡೆದ ಕೈಗೆ ಎಂದೇ ನಮ್ಮ ಊರಿನ ಲೆಕ್ಕ. ಆಕೆ ನನ್ನಷ್ಟೇ ವಯಸ್ಸಿನ ಹೆಣ್ಣುಮಗಳು. ಮೊದಲ ದಿನ ಮುಟ್ಟಲೇ ಇಲ್ಲ. ಪ್ಲಾಸ್ಟಿಕ್ಕಿನ ಸೊಂಟದ ಮೂಳೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ತೋರಿಸಿದಳು. ಮುಂದೆ ಗುಹ್ಯದ ಮೂಳೆ, ಹಿಂದೆ ಬಾಲಮೂಳೆ. ಇವೆರಡರ ನಡುವೆ ಹರಡಿದ ಸ್ನಾಯುಗಳ ತಳವೇ ಪೆಲ್ವಿಕ್ ಫ್ಲೋರ್. ಮೂತ್ರಚೀಲ, ಗರ್ಭಕೋಶ, ಗುದನಾಳ ಮೂರೂ ಅದರ ಮೇಲೆ ನಿಂತಿವೆ. ನೇಯುವವರ ಮನೆಯವಳಾದ್ದರಿಂದ ನನಗೆ ತಕ್ಷಣ ಹೊಳೆದದ್ದು ಹಾಸುಹೊಕ್ಕು: ಉದ್ದಕ್ಕೆ ಕೆಲವು ಎಳೆ, ಅಡ್ಡಕ್ಕೆ ಕೆಲವು. ಆದರೆ ಬಟ್ಟೆ ಸಡಿಲವಾದರೆ ತಾನಾಗಿ ಬಿಗಿಯಾಗದು. ಸ್ನಾಯು ಹಾಗಲ್ಲ, ಕೆಲಸ ಕೊಟ್ಟರೆ ಬಲವಾಗುತ್ತದೆ.

ಇದನ್ನು ವೈದ್ಯಲೋಕಕ್ಕೆ ಒತ್ತಿ ಹೇಳಿದವನು ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ವೈದ್ಯ, 1948ರಲ್ಲಿ. ‘ಕೆಗೆಲ್ ವ್ಯಾಯಾಮ’ ಎಂಬ ಹೆಸರು ಈಗ ಮೊಬೈಲಿನಲ್ಲೆಲ್ಲ ಇದೆ, ಜೊತೆಗೆ ತಪ್ಪು ಪಾಠವೂ ಇದೆ. ಮೂತ್ರವನ್ನು ಅರ್ಧಕ್ಕೆ ತಡೆದು ತಡೆದು ಬಿಡಿ ಅನ್ನುತ್ತಾರೆ. ಅದನ್ನು ವ್ಯಾಯಾಮವಾಗಿ ಮಾಡಬಾರದು, ಚೀಲ ಪೂರ್ತಿ ಖಾಲಿಯಾಗದೆ ಉಳಿಯಬಹುದು. ಗಾಳಿ ಹೋಗದಂತೆ ತಡೆಯುವಾಗ ಹೇಗೆ ಒಳಕ್ಕೂ ಮೇಲಕ್ಕೂ ಎಳೆದುಕೊಳ್ಳುತ್ತೇವೋ ಅದೇ ಸರಿಯಾದ ಎಳೆತ. ಹೊಟ್ಟೆ, ತೊಡೆ, ಪಿರ್ರೆ ಸುಮ್ಮನಿರಬೇಕು, ಉಸಿರು ಕಟ್ಟಬಾರದು. ಕೇಳುವುದಕ್ಕೆ ಸುಲಭ. ಆದರೆ 1991ರ ಒಂದು ಅಧ್ಯಯನದಲ್ಲಿ ಬಾಯಿಮಾತಿನ ಸೂಚನೆ ಕೇಳಿ ಸರಿಯಾಗಿ ಮಾಡಿದವರು ಸುಮಾರು ಅರ್ಧದಷ್ಟು ಹೆಂಗಸರು ಮಾತ್ರ. ಕಾಲುಭಾಗದವರು ಎಳೆದುಕೊಳ್ಳುವ ಬದಲು ಕೆಳಕ್ಕೆ ಮುಕ್ಕುತ್ತಿದ್ದರು, ಅಂದರೆ ರೋಗವನ್ನೇ ಹೆಚ್ಚಿಸುವಂತೆ. ಇನ್ನು ಕೆಲವರಿಗೆ ಸ್ನಾಯು ಸಡಿಲವಲ್ಲ, ಅತಿ ಬಿಗಿ. ಅವರಿಗೆ ಮೊದಲು ಬೇಕಾದದ್ದು ಸಡಿಲಿಸುವುದನ್ನು ಕಲಿಯುವುದು. ತಿಳಿದವರು ಒಮ್ಮೆ ಪರೀಕ್ಷೆ ಮಾಡಿ ಹೇಳಬೇಕು ಅನ್ನುವುದು ಇದಕ್ಕೇ.

ನನಗೆ ಸಿಕ್ಕ ಪಾಠ: ಒಂದು ಸಲಕ್ಕೆ ಎಂಟು ಎಳೆತ, ದಿನಕ್ಕೆ ಮೂರು ಸಲ, ಕಡಿಮೆಯೆಂದರೆ ಮೂರು ತಿಂಗಳು. ಕೆಮ್ಮು, ಸೀನು ಬರುವ ಕ್ಷಣದಲ್ಲಿ ಮೊದಲೇ ಬಿಗಿ ಹಿಡಿಯುವುದು. ಕೊಡ ಎತ್ತುವಾಗಲೂ ಹಾಗೇ. ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳಲ್ಲಿ ಒಂದು ದಿನ ಕ್ಲಾಸಿನಲ್ಲಿ ಸೀನಿದೆ, ಮೇಜು ಹಿಡಿಯಲಿಲ್ಲ, ಒದ್ದೆಯಾಗಲಿಲ್ಲ. ಮಕ್ಕಳಿಗೇನು ಗೊತ್ತು, ಅವರು ಲೆಕ್ಕ ಬರೆದುಕೊಳ್ಳುತ್ತಿದ್ದರು. ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2018ರ ಕಾಕ್ರೇನ್ ವಿಮರ್ಶೆ ಹೇಳುವುದು, ಕೆಮ್ಮಿದಾಗ ಸೋರುವ ತೊಂದರೆ ಇದ್ದವರಲ್ಲಿ ಈ ವ್ಯಾಯಾಮ ಮಾಡಿದವರು ಗುಣವಾಯಿತು ಎನ್ನುವ ಸಾಧ್ಯತೆ ಮಾಡದವರಿಗಿಂತ 8 ಪಟ್ಟು ಹೆಚ್ಚು ಎಂದು.

ಇಷ್ಟಕ್ಕೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಚಳ್ಳಕೆರೆಯ ನನ್ನ ನಾದಿನಿಗೆ ಮೂವತ್ತಾರು ವರ್ಷ. ಶೇಂಗಾ ಹೊಲ, ಎರಡು ಎಮ್ಮೆ, ಮೂರು ಹೆರಿಗೆ. ಅವಳಿಗೂ ಸೋರುತ್ತಿತ್ತು, ಜೊತೆಗೆ ಕೆಳಗೆ ಭಾರ. ತೋರಿಸಿದ ಕಡೆ ಸ್ಕ್ಯಾನ್ ಮಾಡಿ, ‘ಗರ್ಭಕೋಶ ಇಳಿದಿದೆ, ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ, ಇಟ್ಟುಕೊಂಡರೆ ಕ್ಯಾನ್ಸರ್ ಆದೀತು’ ಅಂದರಂತೆ. ಸರ ಅಡ ಇಡಲು ತೀರ್ಮಾನವಾಗಿತ್ತು. ಅವಳು ಫೋನಿನಲ್ಲಿ ಹೇಳಿದ್ದು, ‘ಅಕ್ಕಾ, ತೆಗೆಸಿದ್ರೆ ತಿಂಗಳು ತಿಂಗಳು ಕಾಟಾನೂ ತಪ್ಪುತ್ತೆ, ಸೋರೋದೂ ನಿಲ್ಲುತ್ತೆ.’

ಗರ್ಭಕೋಶ ತೆಗೆದರೆ ಸೋರುವುದು ನಿಲ್ಲುತ್ತದೆ ಎಂಬುದಕ್ಕೆ ಆಧಾರವಿಲ್ಲ. ತಳ ಸೋತಿರುವುದು ಹಾಗೇ ಉಳಿಯುತ್ತದೆ, ಮುಂದೆ ಯೋನಿಯ ಮೇಲ್ಭಾಗವೇ ಜಾರುವುದೂ ಉಂಟು. ಅಂಡಾಶಯವನ್ನೂ ಜೊತೆಗೆ ತೆಗೆದರೆ ಮುಟ್ಟು ನಿಲ್ಲುವ ವಯಸ್ಸಿನ ಕಷ್ಟಗಳೆಲ್ಲ ಒಮ್ಮೆಲೇ ಬರುತ್ತವೆ, ಮೂಳೆ ಸವೆಯುತ್ತದೆ. ತೆಗೆಯಲೇಬೇಕಾದ ಕಾಯಿಲೆಗಳಿವೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ಶೇಕಡ 3ಕ್ಕಿಂತ ತುಸು ಹೆಚ್ಚಿದ್ದರೆ, ಆಂಧ್ರ, ತೆಲಂಗಾಣಗಳಲ್ಲಿ ಶೇಕಡ 8ನ್ನು ದಾಟಿದ್ದಾರೆ. ರಾಯದುರ್ಗ ನಮಗೆ ಚಿತ್ರದುರ್ಗಕ್ಕಿಂತ ಹತ್ತಿರ. ಅಲ್ಲಿಯ ರೂಢಿ ಗಡಿಯ ಕಲ್ಲು ನೋಡಿ ನಿಲ್ಲುವುದಿಲ್ಲ. ನಮ್ಮ ಕಲಬುರಗಿಯಲ್ಲೂ ಲಂಬಾಣಿ ತಾಂಡಾಗಳ ಹೆಂಗಸರು ಇದೇ ವಿಷಯಕ್ಕೆ ಬೀದಿಗಿಳಿದಿದ್ದರು. ಬೇಡದ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು.

ನಾದಿನಿಯನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಿದೆವು. ಜಾರಿದ್ದು ಮೊದಲ ಹಂತ, ಕ್ಯಾನ್ಸರ್ ಮಾತಿಗೆ ಕಾರಣವೇ ಇಲ್ಲ ಅಂದರು. ವ್ಯಾಯಾಮ ಕಲಿಸಿ ಕಳಿಸಿದರು. ಅವಳಿಗೆ ನನ್ನಷ್ಟು ಬೇಗ ಗುಣ ಕಾಣಲಿಲ್ಲ. ಬಳ್ಳಾರಿಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಶೇಂಗಾ ಕೀಳುವ ಕಾಲದಲ್ಲಿ ಚೀಲ ಎತ್ತಬೇಡ ಅಂದರೆ ಯಾರು ಎತ್ತಬೇಕು? ಈಗ ಸೋರುವುದು ಅರ್ಧಕ್ಕಿಳಿದಿದೆ. ಭಾರ ಸಂಜೆ ಹೊತ್ತಿಗೆ ಇನ್ನೂ ಇದೆ. ಸರ ಕೊರಳಲ್ಲಿದೆ.

ಈ ಓಡಾಟವನ್ನೆಲ್ಲ ಅತ್ತೆ ಕಂಡಿಕೆ ಸುತ್ತುತ್ತಲೇ ನೋಡುತ್ತಿದ್ದರು. ಒಂದು ರಾತ್ರಿ ಪಾತ್ರೆ ತೊಳೆಯುವಾಗ ಪಕ್ಕ ಬಂದು ನಿಂತು, ‘ನಂದು ಹೊರಗೇ ಬಂದದೆ ಕಣಮ್ಮ, ಇಪ್ಪತ್ತು ವರ್ಷಾತು’ ಅಂದರು. ಹಳೇ ಸೀರೆಯ ತುಂಡನ್ನು ಕಚ್ಚೆಯ ಹಾಗೆ ಕಟ್ಟಿಕೊಂಡು ಇಷ್ಟು ವರ್ಷ ರಾಟೆಯ ಮುಂದೆ ಕೂತಿದ್ದರು. ಮಾವನಿಗೂ ಹೇಳಿರಲಿಲ್ಲ. ಅಷ್ಟು ಜಾರಿದ್ದನ್ನು ವ್ಯಾಯಾಮವೊಂದೇ ಮೇಲಕ್ಕೆ ತರಲಾರದು. ಅವರಿಗೆ ಆಪರೇಷನ್ ಬೇಡವಾಗಿತ್ತು. ಡಾಕ್ಟರಮ್ಮ ಸಿಲಿಕೋನಿನ ಒಂದು ರಿಂಗ್ ಕೂರಿಸಿದರು. ಪೆಸರಿ ಅನ್ನುತ್ತಾರೆ, ಗರ್ಭಕೋಶವನ್ನು ಒಳಗೇ ತಡೆದು ಹಿಡಿಯುತ್ತದೆ. ಮೂರು ತಿಂಗಳಿಗೊಮ್ಮೆ ಹೋಗಿ ತೆಗೆಸಿ, ತೊಳೆಸಿ, ಹಾಕಿಸಿಕೊಂಡು ಬರಬೇಕು.

ಇದನ್ನು ಬರೆಯಲೇ ಅಂತ ಅತ್ತೆಯನ್ನು ಕೇಳಿದೆ. ‘ಬರಿ, ಹೆಸರು ಹಾಕಬ್ಯಾಡ’ ಅಂದರು. ರಿಂಗಿಗೆ ಅವರು ‘ಬಳೆ’ ಅನ್ನುತ್ತಾರೆ. ಮೊನ್ನೆ ಬೀದಿಯ ಇನ್ನೊಬ್ಬ ಅಜ್ಜಿಯನ್ನು ಮನೆಗೆ ಕರೆತಂದು ಕೂರಿಸಿ, ‘ಈಕೆಗೂ ಬಳೆ ತೊಡಿಸಬೇಕಂತೆ, ಸೋಮವಾರದ ಬಸ್ಸು ಎಷ್ಟೊತ್ತಿಗೆ?’ ಅಂತ ನನ್ನನ್ನು ಕೇಳಿದರು.